ಶೋಲಾವರಂಗೆ ಹೊರಟ ಫಿಯೆಟ್



ಹೋದ ತಿಂಗಳು ಹಳೆಯ ಚಿತ್ರಗೀತೆಗಳ ಕಾರ್ಯಕ್ರಮಕ್ಕೆ ಫೋನ್ ಮಾಡಿದ ಹಿರಿಯರೊಬ್ಬರು ಹಾಡಿನ ಮಾತು ಬಿಟ್ಟು, "ಶೋಲಾವರಂ ನೋಡಿದ್ದೀರೇನಮ್ಮಾ?" ಎಂದು ಕೇಳಿದರು. ಮದ್ರಾಸಿಗೆ ಹೊಸದಾಗಿ ಬಂದಾಗ ಅಲ್ಲಿ ಕಾರ್ ರೇಸ್ ನೋಡಲು ಹೋಗುತ್ತಿದ್ದರಂತೆ. "ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬ ಇದ್ದ, ಫಿಯೆಟ್ ಎಂಜಿನ್ ಬಿಚ್ಚಿದರೆ ಅವನೇ ಬಿಚ್ಚಬೇಕು, ಅವನ ಹೆಸರು..." ಎನ್ನುವಷ್ಟರಲ್ಲಿ ಜಾಹೀರಾತಿನ ಹೊತ್ತಾಯಿತು. ಲೈನ್ ತುಂಡರಿಸಿದವಳು ನಾನೇ. ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಆದ್ದರಿಂದ ಈ ಪುಟ.

ರೆಡ್ ಹಿಲ್ಸ್ ಕೆರೆ ದಾಟಿ ಉತ್ತರಕ್ಕೆ ಹೋದರೆ ಸಿಗುವ ಊರು ಇದು. ತಮಿಳಿನಲ್ಲಿ ಚೋಳವರಂ, ಇಂಗ್ಲಿಷ್ ನಾಲಿಗೆಯಲ್ಲಿ ಶೋಲಾವರಂ ಆಯಿತು. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದು ಅಲ್ಲಿತ್ತು. ಯುದ್ಧ ಮುಗಿದು ವಿಮಾನಗಳು ಹೋದವು, ಪಟ್ಟಿ ಉಳಿಯಿತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸತೊಡಗಿತು.

ಜಾಗವೇನೋ ಸಿಕ್ಕಿತು, ಕಾರು? ಆಮದಿಗೆ ಬಿಗಿಯಾದ ನಿರ್ಬಂಧ. 1960-70ರ ದಶಕಗಳಲ್ಲಿ ನಮ್ಮಲ್ಲಿ ತಯಾರಾಗುತ್ತಿದ್ದ ಕಾರುಗಳೆಂದರೆ ಮುಖ್ಯವಾಗಿ ಮೂರು: ಬಂಗಾಳದ ಉತ್ತರಪಾರದ ಅಂಬಾಸಿಡರ್, ಬೊಂಬಾಯಿಯ ಕುರ್ಲಾದ ಫಿಯೆಟ್, ಮದ್ರಾಸಿನದೇ ಆದ ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರೂ ಸಂಸಾರಸ್ಥರ ಕಾರುಗಳು. ಮಕ್ಕಳು ಮರಿ ಕಟ್ಟಿಕೊಂಡು ತಿರುಪತಿಗೆ ಹೋಗಿಬರುವುದಕ್ಕೆ ಮಾಡಿದವು. ಅವನ್ನೇ ಓಟದ ಕುದುರೆ ಮಾಡಬೇಕಿತ್ತು.

ಫಿಯೆಟ್ 1100ರ ಎಂಜಿನ್ 1089 ಸಿಸಿ. ಮೊದಲ ಕೆಲಸ, ಅದರ ಹೆಡ್ ಬಿಚ್ಚಿ ತಳವನ್ನು ಸ್ವಲ್ಪವೇ ಸ್ವಲ್ಪ ಕೆರೆಸುವುದು. ಹೆಡ್ ತಗ್ಗಿದಷ್ಟೂ ಪಿಸ್ಟನ್ ಮೇಲಿನ ಜಾಗ ಕಿರಿದಾಗುತ್ತದೆ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಇನ್ನಷ್ಟು ಒತ್ತಿಕೊಂಡು ಉರಿಯುತ್ತದೆ, ಬಲ ಹೆಚ್ಚುತ್ತದೆ. ಆಮೇಲೆ ಪೋರ್ಟುಗಳ ಒಳಗೋಡೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡುವುದು. ಉಸಿರಾಟ ಸರಾಗವಾಗಲಿ ಎಂದು. ಫ್ಲೈವ್ಹೀಲನ್ನು ಲೇತ್‌ಗೆ ಕೊಟ್ಟು ತೂಕ ಇಳಿಸುವುದು. ಎಲ್ಲಿಂದಲೋ ದೊಡ್ಡ ಕಾರ್ಬ್ಯುರೇಟರ್ ಹುಡುಕಿ ತರುವುದು. ಹಿಂದಿನ ಸೀಟು, ಬಂಪರ್ ಎಲ್ಲ ಕಳಚಿ ಗ್ಯಾರೇಜಿನ ಮೂಲೆಗೆ.

ಕೇಳಲು ಸುಲಭ. ಆದರೆ ಒಂದು ಎಳೆ ಹೆಚ್ಚು ಕೆರೆದರೆ ಮುಗಿಯಿತು. ಆಕ್ಟೇನ್ ಕಡಿಮೆಯಿದ್ದ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ಒಳಗಿನಿಂದ ಸುತ್ತಿಗೆ ಬಡಿದಂತೆ ಸದ್ದು. ಹಾಗೇ ಓಡಿಸಿದರೆ ಪಿಸ್ಟನ್ನಿಗೇ ತೂತು. ಇಗ್ನಿಷನ್ ಟೈಮಿಂಗನ್ನು ಎಷ್ಟು ಹಿಂದಕ್ಕೆ ತಿರುಗಿಸಬೇಕೆಂಬುದನ್ನು ಮೆಕ್ಯಾನಿಕ್ ಕಿವಿಯಿಂದಲೇ ತಿಳಿಯಬೇಕು. (ರೇಡಿಯೋದವಳಾದ ನನಗೆ ಈ ಕಿವಿಯ ಮೇಲೆ ಹೊಟ್ಟೆಕಿಚ್ಚು.) ಇನ್ನೊಂದು ಭಯ ಬ್ರೇಕಿನದು. ಫಿಯೆಟ್‌ನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ನಾಲ್ಕಾರು ಬಾರಿ ಜೋರಾಗಿ ಒತ್ತಿದರೆ ಕಾದು ಹಿಡಿತ ಸಡಿಲ. ಎಂಜಿನ್‌ಗೆ ಬಲ ಕೊಟ್ಟು ಬ್ರೇಕನ್ನು ಮರೆತರೆ, ಸ್ಟಿಯರಿಂಗ್ ಹಿಡಿದವನ ಜೀವವೇ ಪಣ.

ಹಣವಂತರ ದಾರಿ ಬೇರೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದಲ್ಲಿ ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರನ್ನೇ ತರಿಸಿ ಶೋಲಾವರಂನಲ್ಲಿ ಓಡಿಸಿದ್ದರು. ನೋಡುವವರಿಗೆ ಹಬ್ಬವೇ ಇರಬೇಕು. ಆದರೂ ನನಗೆ ಹೆಚ್ಚು ಇಷ್ಟವಾಗುವುದು ಕೊಯಮತ್ತೂರಿನ ಎಸ್. ಕರಿವರ್ಧನ್ ಕಥೆ. ಜವಳಿ ಯಂತ್ರ, ನೀರಿನ ಪಂಪು ಮಾಡುವ ಊರು ಅದು. ಲೇತ್‌ಗೂ ಎರಕದ ಮನೆಗೂ ಬರವಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನ್ನನ್ನು ಎತ್ತಿ, ಕರಿವರ್ಧನ್ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಎಂಜಿನ್ ಕೆಟ್ಟರೆ ಬಿಡಿಭಾಗ ಪೇಟೆಯಲ್ಲೇ ಸಿಗುತ್ತಿತ್ತು! 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ಊರಿನ ನಾರಾಯಣ್ ಕಾರ್ತಿಕೇಯನ್ ರೇಸಿಂಗ್ ಶುರುಮಾಡಿದ್ದು ಫಾರ್ಮುಲಾ ಮಾರುತಿಯಲ್ಲೇ. 2005ರಲ್ಲಿ ಅವರು ಫಾರ್ಮುಲಾ ಒನ್ ರೇಸಿಗಿಳಿದ ಮೊದಲ ಭಾರತೀಯರಾದರು.

ಅಷ್ಟರಲ್ಲಿ ಶೋಲಾವರಂ ಕಾಲ ಮುಗಿದಿತ್ತು. 1990ರಲ್ಲಿ ಶ್ರೀಪೆರಂಬುದೂರು ಬಳಿಯ ಇರುಂಗಾಟುಕೋಟೈಯಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ ಬಂತು. ಇತ್ತ ರಸ್ತೆಯಲ್ಲಿ ಓಡುವ ಕಾರುಗಳ ಮಟ್ಟಿಗೆ, ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ನಡುರಾತ್ರಿ ಕಿವಿಗಡಚಿಕ್ಕುವ ಸೈಲೆನ್ಸರ್ ಸದ್ದಿಗೆ ಬೇಸತ್ತವರಲ್ಲಿ ನಾನೂ ಒಬ್ಬಳು.

ಆದರೆ ಗೆದ್ದವರ ಹೆಸರು ಟ್ರೋಫಿಗಳ ಮೇಲಿದೆ, ಹೆಡ್ ಕೆರೆದವರ ಹೆಸರು ಎಲ್ಲಿಯೂ ಸಿಗಲಿಲ್ಲ. ಫೋನ್ ಮಾಡಿದ್ದ ಹಿರಿಯರೇ, ಈ ಸಂಚಿಕೆ ನಿಮ್ಮ ಕೈಸೇರಿದ್ದರೆ ದಯವಿಟ್ಟು ಇನ್ನೊಮ್ಮೆ ಫೋನ್ ಮಾಡಿ. ಆ ಮೆಕ್ಯಾನಿಕ್‌ನ ಹೆಸರು ಹೇಳಿ. ಈ ಸಲ ಜಾಹೀರಾತು ಕಾಯುತ್ತದೆ.