ನೀರು ಬರುವ ದಾರಿ, ಹೋಗುವ ದಾರಿ

ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಿರಿಯರಿಂದ ಪಾಲಿಗೆ ಬಂದ ತೊಟ್ಟಿಮನೆಯೊಂದಿದೆ. ಅದರ ಹಿಂಗೋಡೆ ತೇವ ಹೀರಿ ಉದುರತೊಡಗಿತು. ಕೆಡವಿ ತಾರಸಿ ಮನೆ ಕಟ್ಟುವುದೋ, ದುರಸ್ತಿ ಮಾಡಿಸಿ ಉಳಿಸಿಕೊಳ್ಳುವುದೋ ಎಂದು ತಮ್ಮನ ಮಗ ನನ್ನನ್ನು ಕೇಳಿದ. “ದೊಡ್ಡಪ್ಪ, ನೀವು ಹೆಂಗ್ ಹೇಳಿದ್ರೆ ಹಂಗೆ” ಎಂದೂ ಸೇರಿಸಿದ. ತರಗತಿಯಲ್ಲಿ ಪಾಠ ಹೇಳುವುದು ಸುಲಭ. ಒಂದು ಮನೆಯ ಹಣೆಬರಹ ಬರೆಯುವುದು ಸುಲಭವಲ್ಲ. ಉತ್ತರ ಕೊಡುವ ಮುನ್ನ ಈ ಸೀಮೆಯ ಮನೆ ಮತ್ತು ಹಿತ್ತಿಲುಗಳ ಚರಿತ್ರೆಯನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿಹಾಕಿದೆ.

ಕನ್ನಡ ಓದಿದವನಿಗೆ ಇಲ್ಲಿ ಮೊದಲು ನೆನಪಾಗುವುದು ಚಾಲುಕ್ಯರ ಕಾಲದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’. ಮನೆ ಕಟ್ಟುವ ವಾಸ್ತು, ನೆಲದೊಳಗಣ ನೀರನ್ನು ಗುರುತಿಸುವ ಉದಕಾರ್ಗಳ, ಗಿಡಮರಗಳನ್ನು ಬೆಳೆಸುವ ವೃಕ್ಷಾಯುರ್ವೇದ, ಇವು ಮೂರೂ ಅದರಲ್ಲಿ ಒಂದೇ ಗ್ರಂಥದ ವಿಷಯಗಳಾಗಿ ಬಂದಿವೆ. ಇಂದು ನಾವು ಮನೆಗೆ ಒಬ್ಬರನ್ನು, ಕೊಳವೆಬಾವಿಗೆ ಇನ್ನೊಬ್ಬರನ್ನು, ಗಿಡಗಳಿಗೆ ಮತ್ತೊಬ್ಬರನ್ನು ಕೇಳುತ್ತೇವೆ. ಹಿಂದಿನವರಿಗೆ ಅದು ಒಂದೇ ಪ್ರಶ್ನೆಯಾಗಿತ್ತು.

ನಮ್ಮ ಕಡೆಯ ತೊಟ್ಟಿಮನೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹೊರಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ನಾಲ್ಕೂ ಕಡೆಯ ಸೂರಿನ ನೀರು ತೊಟ್ಟಿಗೆ ಇಳಿದು, ಅಲ್ಲಿಂದ ತೂಬಿನ ಮೂಲಕ ಹಿತ್ತಿಲಿಗೆ ಹೋಗುತ್ತಿತ್ತು. ಬಚ್ಚಲ ನೀರಿಗೂ ಅದೇ ದಿಕ್ಕು. ಹಿತ್ತಿಲಿನಲ್ಲಿ ಗಿಡಗಳನ್ನು ನೆಟ್ಟ ಕ್ರಮವನ್ನೂ ಗಮನಿಸಬೇಕು. ನೀರು ಬಂದು ಬೀಳುವಲ್ಲಿ ಕೆಸು ಮತ್ತು ಬಾಳೆ. ಅದರಾಚೆ ದಾಸವಾಳ, ಕರಿಬೇವು. ಕಾಲು ಒದ್ದೆಯಾಗುವುದನ್ನು ಸಹಿಸದ ನುಗ್ಗೆ ಎಲ್ಲಕ್ಕಿಂತ ದೂರದ ದಿಬ್ಬದಲ್ಲಿ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಹೇಳಿದರೂ, ಅದನ್ನು ನೆಟ್ಟವರ ತಿಳಿವಳಿಕೆ ಮಾತ್ರ ಒಳ್ಳೆಯ ಮದ್ದೇ ಆಗಿತ್ತು.

ಆ ಕಾಲದ ಮಂಡ್ಯ ಸೀಮೆ ಬಹುಮಟ್ಟಿಗೆ ರಾಗಿಯ ನಾಡು, ಒಣನೆಲ. ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ನೆಲ ಒಣಗಿರುವುದೇ ಹಗೇವಿಗೆ ರಕ್ಷೆ. 1911ರಲ್ಲಿ ಕನ್ನಂಬಾಡಿಯ ಬಳಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲುಗಳಿಗೆ ಹರಿಯಿತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರ ಶ್ರಮವೂ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಒಂದು ತಲೆಮಾರಿನೊಳಗೆ ರಾಗಿಯ ಹೊಲಗಳು ಕಬ್ಬು ಭತ್ತಗಳ ಗದ್ದೆಗಳಾದವು.

ನೀರು ತಂದ ಭಾಗ್ಯವನ್ನು ಅಲ್ಲಗಳೆಯುವವನು ನಾನಲ್ಲ. ನನ್ನನ್ನು ಓದಿಸಿದ್ದೂ ಆ ನೀರೇ. ಆದರೆ ನೀರನ್ನು ತರುವುದು ವಿದ್ಯೆಯ ಅರ್ಧ ಮಾತ್ರ, ಬಸಿಯುವುದು ಇನ್ನರ್ಧ. ಬಸಿಯದೆ ನಿಂತ ನೀರಿನ ಬೆನ್ನಿಗೆ ಮಲೇರಿಯ ಬಂತು. ತಗ್ಗಿನ ಜಮೀನು ಜೌಗಾಯಿತು. ಕೆಲವೆಡೆ ಉಪ್ಪು ಮೇಲೆದ್ದಿತು. ತೇವ ಏರಿದ ಊರುಗಳಲ್ಲಿ ಹಗೇವಿನ ರಾಗಿ ಮುಗ್ಗಲಾಯಿತೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಒಣನೆಲವನ್ನು ನಂಬಿ ಎಬ್ಬಿಸಿದ ಮಣ್ಣಿನ ಗೋಡೆಗಳ ಬುಡವೂ ಮೆತ್ತಗಾಯಿತು. ಕಬ್ಬಿನ ಹಣ ಕೈಸೇರಿದವರು ಕಲ್ಲಿನ ತಳಪಾಯ, ಮಂಗಳೂರು ಹೆಂಚು, ಅನಂತರ ಸಿಮೆಂಟು ಎಂದು ಮೇಲೇರಿದರು. ಅದನ್ನು ನಾವು ಅಂತಸ್ತಿನ ಕಥೆಯೆಂದು ಓದಿದ್ದೇವೆ. ಅದು ತೇವದ ಕಥೆಯೂ ಹೌದು. ಗದ್ದೆಗೆ ನಾಲೆಯಷ್ಟೇ ಬಸಿಗಾಲುವೆಯೂ ಬೇಕೆಂಬುದನ್ನು ನಾಡು ಕಲಿತದ್ದು ಇಂಥ ನಷ್ಟಗಳನ್ನು ಉಂಡ ಮೇಲೆ.

ಅದೇ ಕಾಲದಲ್ಲಿ ತೋಟದ ಕಲ್ಪನೆಯೂ ಬದಲಾಯಿತು. ಕನ್ನಂಬಾಡಿ ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ, ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ಲರ ಕಲ್ಪನೆಯಲ್ಲಿ, ಬೃಂದಾವನ ಮೈದಾಳಿತು. ತೋಟವೆಂದರೆ ಕಣ್ಣಿಗೆ ಹಬ್ಬವೆಂಬ ಭಾವನೆ ಜನಸಾಮಾನ್ಯರಿಗೂ ದೊರೆಯಿತು. ಪಟ್ಟಣದ ಮನೆಗಳ ಮುಂದೆ ಕ್ರೋಟನ್, ಕಾಗದದ ಹೂವಿನ ಬಳ್ಳಿ ಬಂದವು. ಹಿತ್ತಿಲು ಮನೆಯ ಮುಂದಕ್ಕೆ ಬಂತೆನ್ನಬಹುದು. ಬೃಂದಾವನದಲ್ಲಿ ನಾವು ಕಾರಂಜಿಯನ್ನು ನೋಡಿ ಬೆರಗಾದೆವು. ಆ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಮುಂದಕ್ಕೆ ಸಾಗಿಸಿದ ಜಾಣ್ಮೆಯನ್ನು ನೋಡಲಿಲ್ಲ.

ಇನ್ನು ಮದ್ದೂರು, ಮಳವಳ್ಳಿಗಳ ಮಾತು. ಇಲ್ಲಿನ ಎಷ್ಟೋ ಹಳ್ಳಿಗಳು ನಾಲೆಯ ಕೊನೆಯ ಭಾಗದವು. ಮೇಲಿನವರ ಗದ್ದೆಯಲ್ಲಿ ನೀರು ಹೆಚ್ಚಾಗಿ ನಿಂತರೆ ಕೆಳಗಿನವರ ತೂಬಿಗೆ ಬರುವುದು ಕಡಿಮೆ. ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೇ ಎಂದು ಪತ್ರಿಕೆಯಲ್ಲಿ ಹುಡುಕುವ ಕಣ್ಣುಗಳಲ್ಲಿ ಕೊನೆಯ ಭಾಗದವರ ಕಣ್ಣು ಹೆಚ್ಚು ಆತಂಕದವು. ಈ ಕಡೆ ಹಲವರು ಹಿಪ್ಪುನೇರಳೆಯನ್ನು, ರೇಷ್ಮೆಯನ್ನು ನಂಬಿದರು. ಪಡಸಾಲೆ ಹುಳುವಿನ ಮನೆಯಾಯಿತು. ಜಗಲಿಯ ಗೋಡೆಗೆ ಚಂದ್ರಿಕೆಗಳು ಒರಗಿದವು. ಮನೆಯ ಒಳಗನ್ನು ಹೇಗೆ ಕಟ್ಟಬೇಕೆಂಬುದನ್ನೂ ಹೀಗೆ ನೀರೇ, ಅಥವಾ ಅದರ ಅಭಾವವೇ, ತೀರ್ಮಾನಿಸಿತು.

ಇಷ್ಟೆಲ್ಲ ತಿಳಿದೂ ನಾನು ಮಾಡಿದ ತಪ್ಪನ್ನು ಹೇಳಿಬಿಡಬೇಕು. 1991ರಲ್ಲಿ ಮಂಡ್ಯದಲ್ಲಿ ಮನೆ ಕಟ್ಟಿಸಿದಾಗ, ಕೆಸರಾಗಬಾರದೆಂದು ನಿವೇಶನದ ಅಂಗುಲ ಅಂಗುಲಕ್ಕೂ ಸಿಮೆಂಟು ಹಾಕಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇಳಿಜಾರು ತಪ್ಪಿದ ನೀರು ಹಿಂಗೋಡೆಗೆ ನುಗ್ಗಿ ಗೋಡೆ ಉಪ್ಪು ಹೊಡೆಯಿತು. ನೆಲ ಉಳಿಯಲಿಲ್ಲವಾಗಿ ನನ್ನ ಹೆಂಡತಿ ಕುಂಡಗಳಲ್ಲಿ ತುಳಸಿ, ದೊಡ್ಡಪತ್ರೆ, ಮನಿಪ್ಲಾಂಟ್ ಬೆಳೆಸಿದಳು. ನೆಲ ಕಲೆಯಾಗದಿರಲೆಂದು ನಾನು ಪ್ರತಿ ಕುಂಡದಡಿ ತಟ್ಟೆಯಿಟ್ಟು, ಮುಂಜಾನೆ ತಪ್ಪದೆ ನೀರೆರೆದೆ. ಎಲೆಗಳು ಹಳದಿಯಾದವು, ಬಾಯಾರಿಕೆಯೆಂದು ಇನ್ನಷ್ಟು ಎರೆದೆ. ಒಂದು ದಿನ ಆಕೆ ದೊಡ್ಡಪತ್ರೆಯನ್ನು ಕಿತ್ತು ಕೊಳೆತ ಬೇರನ್ನು ನನ್ನ ಮುಂದೆ ಹಿಡಿದಳು. “ನೀರು ಹಾಕೋದು ಗೊತ್ತು ನಿಮಗೆ. ಅದು ಹೋಗೋಕೆ ದಾರಿ ಎಲ್ಲಿದೆ, ಹೇಳಿ?” ಎಂದಳು. ತಟ್ಟೆಗಳನ್ನು ತೆಗೆಸಿ, ಕೆಮ್ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಬೆರಳಿಟ್ಟು ಮಣ್ಣು ಒಣಗಿದೆಯೆಂದು ತಿಳಿದ ಮೇಲಷ್ಟೇ ನೀರು ಹಾಕುವ ನಿಯಮ ಮಾಡಿದಳು. ಅಂದಿನಿಂದ ಅವಳ ಕುಂಡಗಳಲ್ಲಿ ಗಿಡ ಸತ್ತದ್ದು ಅಪರೂಪ. ಒಂದು ಜಿಲ್ಲೆ ಜೌಗಿನಿಂದ ಕಲಿತದ್ದನ್ನು ನಾನು ಒಂದು ಕುಂಡದಿಂದ ಕಲಿತೆ.

ಆದುದರಿಂದ ತಮ್ಮನ ಮಗನಿಗೆ ನಾನು ಕೆಡವೆಂದೂ ಹೇಳಲಿಲ್ಲ, ಉಳಿಸೆಂದೂ ಹೇಳಲಿಲ್ಲ. “ಜೋರು ಮಳೆ ಬರುವ ದಿನ ತೊಟ್ಟಿಯ ಅಂಚಿನಲ್ಲಿ ನಿಂತು ನೀರು ಎತ್ತ ಹೋಗುತ್ತದೆ ನೋಡು. ಆಮೇಲೆ ಮಾತಾಡೋಣ” ಎಂದೆ. ಅವನು ನಿಂತು ನೋಡಿದ. ನೀರು ಎತ್ತಲೂ ಹೋಗುತ್ತಿರಲಿಲ್ಲ. ತೊಟ್ಟಿಯಲ್ಲೇ ನಿಂತು ಹಿಂಗೋಡೆಗೆ ಇಂಗುತ್ತಿತ್ತು. ಹಿತ್ತಿಲ ಕಡೆಯ ತೂಬಿನ ಬಾಯಿಗೆ ಅಡ್ಡಲಾಗಿ ಶೌಚಾಲಯದ ಗೋಡೆಯೊಂದಿದೆ. ಅದನ್ನು ಕಟ್ಟಿಸಿದವರು ಬೇರೆಯವರಲ್ಲ. ನಾನು ಮತ್ತು ನನ್ನ ತಮ್ಮ. ಮನೆ ಹಳತಾಗಿ ಕುಸಿಯುತ್ತಿದೆಯೆಂದು ನಾವು ಇಷ್ಟು ವರ್ಷ ಹಿರಿಯರ ಮಣ್ಣನ್ನು ದೂರುತ್ತಿದ್ದೆವು.

ಈಗ ಆ ತೂಬನ್ನು ಪಕ್ಕಕ್ಕೆ ತಿರುಗಿಸಿ ಬಿಡಿಸಲಾಗಿದೆ. ಗೋಡೆ ಒಣಗುವುದೋ ಇಲ್ಲವೋ ಇನ್ನೊಂದು ಮಳೆಗಾಲ ಕಂಡು ತಿಳಿಯಬೇಕು. ಒಣಗದಿದ್ದರೆ ಕೆಡವಲೇಬೇಕಾದೀತು, ಅದಕ್ಕೆ ನಾನು ಅಡ್ಡಬರುವವನಲ್ಲ. ಅಷ್ಟರಲ್ಲಿ ನೀರು ಹೋಗಿ ಬೀಳುವಲ್ಲಿ ಹುಡುಗ ಎರಡು ಬಾಳೆಯ ಕಂದು ನೆಟ್ಟಿದ್ದಾನೆ. ನಾನು ಹೇಳದೆಯೇ ನುಗ್ಗೆಯ ಕೊಂಬೆಯನ್ನು ದೂರದ ದಿಬ್ಬದಲ್ಲಿ ಊರಿದ್ದಾನೆ.