ಕಿತ್ತಿಪುರ: ನೀರಿನಡಿಯ ರಾಜಧಾನಿ

ಮೇಟಗಳ್ಳಿಯವರಾದ ನಮಗೆ ಮುಳುಗಿದ ಊರೆಂದರೆ ಕನ್ನಂಬಾಡಿ. ಕೆ.ಆರ್.ಎಸ್. ರಸ್ತೆ ನಮ್ಮೂರನ್ನು ದಾಟಿಯೇ ಅತ್ತ ಹೋಗುತ್ತದೆ. ಆದರೆ ಇದೇ ಮೈಸೂರು ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಕೇರಳದ ಗಡಿಗೆ ಸಮೀಪ, ಒಂದು ಕಾಲದ ರಾಜಧಾನಿಯೇ ಕಬಿನಿಯ ಹಿನ್ನೀರಿನಲ್ಲಿದೆ. ಅದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಚೆನ್ನಮ್ಮನ ಕಿತ್ತೂರಲ್ಲ, ಪುನ್ನಾಟ ಅರಸರ ಕಿತ್ತಿಪುರ.

ಈ ಊರಿನ ಚರಿತ್ರೆ ಹುಡುಕುತ್ತಾ ಹೋದಂತೆ, ಅದರ ಸುದ್ದಿ ದೂರದ ಊರುಗಳಲ್ಲಿಯೇ ಹೆಚ್ಚು ಸಿಕ್ಕಿತು. ಕ್ರಿ.ಶ. 2ನೆಯ ಶತಮಾನದ ಟಾಲೆಮಿ 'ಪೌನ್ನಾಟ'ವನ್ನು ಬೆರಿಲ್ ರತ್ನ ಸಿಗುವ ಜಾಗವೆಂದು ದಾಖಲಿಸಿದ್ದಾನೆ. ಅದು ಈ ಪುನ್ನಾಟವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಗಂಗರ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗ ದುರ್ವಿನೀತನ ಕಾಲಕ್ಕೆ ಈ ನಾಡು ಗಂಗರ ಕೈಸೇರಿತ್ತು. ರಾಜ್ಯ ಹೋಯಿತು, ಹೆಸರು ಮಾತ್ರ ಸಂಚಾರ ಹೊರಟಿತು. ಜೈನ ಮುನಿಗಳ ಪುನ್ನಾಟ ಸಂಘ ಪಶ್ಚಿಮ ಭಾರತದವರೆಗೂ ಹೋಗಿ ನೆಲೆಸಿತು. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನ, 931ರ ಸುಮಾರಿಗೆ ಬೃಹತ್ಕಥಾಕೋಶ ಬರೆದ ಹರಿಷೇಣ, ಇಬ್ಬರೂ ಆ ಸಂಘದವರೇ. ತುಂಗಭದ್ರೆ, ಕೃಷ್ಣೆಗಳನ್ನು ದಾಟಿ ಹೋದ ಮೇಲೂ ಅವರು ಕಬಿನಿ ತೀರದ ಈ ನಾಡಿನ ಹೆಸರನ್ನು ಬಿಡಲಿಲ್ಲ.

ಇತ್ತ ರಾಜಧಾನಿ ಸಾಧಾರಣ ಹಳ್ಳಿಯಾಯಿತು. ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯ ಅವನ್ನು ಪರಿಷ್ಕರಿಸಿ ಮತ್ತೆ ಹೊರತಂದದ್ದು 1974ರಲ್ಲಿ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಒಂದು ಕಡೆ ನಾಡಿನ ಕಲ್ಲುಗಳ ಮಾತು ಅಚ್ಚಾಗುತ್ತಿದ್ದರೆ, ಇನ್ನೊಂದು ಕಡೆ 19.52 ಟಿಎಂಸಿ ನೀರಿಗಾಗಿ ಊರುಗಳು ಜಾಗ ಬಿಡುತ್ತಿದ್ದವು.

ಶಾಸನಗಳು ದಾನ ಕೊಟ್ಟವರನ್ನು, ಪಡೆದವರನ್ನು, ಗದ್ದೆಯ ಎಲ್ಲೆಯನ್ನು ಹೇಳುತ್ತವೆ. ಆ ಗದ್ದೆಯಲ್ಲಿ ನಾಟಿ ಹಾಕಿದವರ ಮಾತು ಅಲ್ಲಿಲ್ಲ. ಕಡೆಯದಾಗಿ ಅಲ್ಲಿ ಉತ್ತು ಬಿತ್ತಿ, ಗಂಟುಮೂಟೆ ಕಟ್ಟಿ ಹೊರಟವರ ಮಾತನ್ನೂ ಯಾವ ಕಲ್ಲಿನಲ್ಲೂ ಕೆತ್ತಿಲ್ಲ. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಹೊಲಕ್ಕೆ ಏನು ಹೆಸರಿತ್ತು, ಹೊಳೆಯನ್ನು ಎಲ್ಲಿ ಹಾಯುತ್ತಿದ್ದರು, ಹಬ್ಬದ ದಿನ ದೇವರು ಯಾವ ಬೀದಿಯಲ್ಲಿ ಬರುತ್ತಿತ್ತು ಎಂಬುದನ್ನು ಹೇಳಬಲ್ಲವರು ಅವರೇ. ಟಾಲೆಮಿಯ ಪುಸ್ತಕ ಇನ್ನೂ ಸಾವಿರ ವರ್ಷ ಕಾಯಬಹುದು. ಈ ಹಿರಿಯರ ನೆನಪು ಕಾಯುವುದಿಲ್ಲ. ಪುನ್ನಾಟದ ಕುರಿತು ಕೆಲಸ ಮಾಡಬಯಸುವ ವಿದ್ಯಾರ್ಥಿಗಳು ಮೊದಲು ಅವರ ಜಗಲಿಯ ಮೇಲೆ ಕೂರಬೇಕು.