ರೇಷ್ಮೆಹುಳುವಿನ ದೇಹರಚನೆ: ಅಧ್ಯಯನದ ಇತಿಹಾಸ

ಬಾಂಬಿಕ್ಸ್ ಮೋರಿ ಎಂಬ ಪತಂಗದ ಮರಿಹುಳುವೇ ರೇಷ್ಮೆಹುಳು. ಮುನ್ನೂರೈವತ್ತು ವರ್ಷಗಳಿಂದ ಅದನ್ನು ಸೀಳಿ, ಬಿಡಿಸಿ, ಚಿತ್ರ ಬರೆದು, ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಲೇ ಬಂದಿದ್ದಾರೆ. ಇದಕ್ಕೆ ವಿಜ್ಞಾನಿಗಳ ಕುತೂಹಲ ಅರ್ಧ ಕಾರಣ, ನೂಲಿಗೆ ಸಿಗುವ ಬೆಲೆ ಇನ್ನರ್ಧ.

ಚಿಕ್ಕಬಳ್ಳಾಪುರದ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಷನರಿ ವೈದ್ಯ ಟಿ.ವಿ. ಕ್ಯಾಂಪ್‌ಬೆಲ್ ಇಲ್ಲಿ ಕೀಟಗಳನ್ನು ಹಿಡಿದು ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಡಬ್ಲ್ಯು.ಎಲ್. ಡಿಸ್ಟಂಟ್ 1918ರಲ್ಲಿ ಹೊರತಂದ ಸಂಪುಟದಲ್ಲಿ ‘ಚಿಕ್ಕಬಳ್ಳಾಪುರ’ ಎಂಬ ಊರಿನ ಹೆಸರು ಕಾಣಿಸುವುದು ಹೀಗೆ. ಅದೇ ಮಾಲೆಯಲ್ಲಿ ನೆಲಜೀರುಂಡೆಗಳ ಮೇಲೆ ಎಚ್.ಇ. ಆಂಡ್ರೂಸ್ 1929 ಮತ್ತು 1935ರಲ್ಲಿ ಎರಡು ಸಂಪುಟ ಬರೆದರು. ಹೆಚ್ಚಿನ ಪುಟಗಳೆಲ್ಲ ಬೆಳೆದ ಜೀರುಂಡೆಗಳಿಗೇ ಮೀಸಲು. ಅವುಗಳ ಮರಿಹುಳುಗಳನ್ನು ಕುಲವಾರು ಗುರುತಿಸುವ ಕೀಲಿಯನ್ನು ಎಫ್.ಐ. ವಾನ್ ಎಮ್ಡೆನ್ ಪ್ರಕಟಿಸಿದ್ದು 1942ರಲ್ಲಿ. ಹಿಪ್ಪುನೇರಳೆ ತೋಟದ ಮಣ್ಣಿನೊಳಗೆ ಓಡಾಡುವ ಜೀರುಂಡೆ ಮರಿಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಅದೇ ತೋಟದ ಸೊಪ್ಪು ತಿನ್ನುವ ಹುಳುವಿನ ಒಂದೊಂದು ಗ್ರಂಥಿಗೂ ಹೆಸರಿಟ್ಟಾಗಿತ್ತು.

ಮೊದಲ ಕತ್ತರಿ ಇಟಲಿಯ ಬೊಲೋನ್ಯದಲ್ಲಿ ಆಡಿತು. ಕೀಟಗಳಿಗೆ ಹೇಳಿಕೊಳ್ಳುವಂಥ ಒಳಾಂಗಗಳೇ ಇಲ್ಲ ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಪತ್ರ ಬರೆದು ಕೇಳಿಕೊಂಡ ಮೇಲೆ ವೈದ್ಯ ಮಾರ್ಚೆಲ್ಲೊ ಮಾಲ್ಪಿಘಿ ರೇಷ್ಮೆಹುಳುವನ್ನು ಕೈಗೆತ್ತಿಕೊಂಡ. ಅವನ ಪ್ರಬಂಧವನ್ನು ಸೊಸೈಟಿ 1669ರಲ್ಲಿ ಅಚ್ಚು ಹಾಕಿಸಿತು. ಹುಳು ಉಸಿರಾಡುವುದು ಬಾಯಿಂದಲ್ಲ, ಮೈಯ ಎರಡೂ ಬದಿಯ ರಂಧ್ರಗಳಿಂದ. ಆ ರಂಧ್ರಗಳಿಂದ ಹೊರಟ ಗಾಳಿನಾಳಗಳು ಕವಲೊಡೆದು ಮೈಯೆಲ್ಲ ಹಬ್ಬಿವೆ. ಬೆನ್ನುದ್ದಕ್ಕೂ ಮಿಡಿಯುವ ಹೃದಯವಿದೆ. ಹೊಟ್ಟೆಯ ಕೆಳಗೆ ಗಂಟುಗಂಟಾದ ನರದ ಹುರಿ ಇದೆ. ಇವೆಲ್ಲ ಆ ಒಂದೇ ಪ್ರಬಂಧದಲ್ಲಿ ಬಂದವು. ಕರುಳಿಗೆ ಅಂಟಿದ, ಮೂತ್ರಪಿಂಡದ ಕೆಲಸ ಮಾಡುವ ಸಣ್ಣ ಕೊಳವೆಗಳಿಗೆ ಮುಂದೆ ಅವನದೇ ಹೆಸರು ಬಿತ್ತು.

ಅವನು ಕಂಡದ್ದರಲ್ಲಿ ನಾಲ್ಕು ಕಾಸು ತರುವ ಅಂಗವೆಂದರೆ ರೇಷ್ಮೆ ಗ್ರಂಥಿ. ಕರುಳಿನ ಎರಡೂ ಪಕ್ಕ ಮಡಿಕೆ ಮಡಿಕೆಯಾಗಿ ಮಲಗಿರುವ ಈ ಜೋಡಿ ಕೊಳವೆಗೆ ಮೂರು ಭಾಗ. ಹಿಂಭಾಗದಲ್ಲಿ ಎಳೆಯ ತಿರುಳಾದ ಫೈಬ್ರಾಯಿನ್ ಹುಟ್ಟುತ್ತದೆ. ನಡುಭಾಗ ಅದಕ್ಕೆ ಸೆರಿಸಿನ್ ಎಂಬ ಅಂಟು ಬಳಿಯುತ್ತದೆ. ಮುಂಭಾಗ ಬರಿಯ ಹಾದಿ. ಎರಡೂ ಕೊಳವೆಗಳು ತಲೆಯ ಬಳಿ ಕೂಡಿ ತುಟಿಯ ಕೆಳಗಿನ ನೂಲುಮೂತಿಯಲ್ಲಿ ತೆರೆದುಕೊಳ್ಳುವುದರಿಂದ, ಒಂದೇ ಎಂದು ತೋರುವ ಎಳೆ ನಿಜದಲ್ಲಿ ಅಂಟಿಕೊಂಡ ಎರಡು ಎಳೆ. ಶಿಡ್ಲಘಟ್ಟದ ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ನಡುಭಾಗದ ಗ್ರಂಥಿ ಬಳಿದ ಆ ಅಂಟನ್ನು ಸಡಿಲಿಸುವುದಕ್ಕೆ.

ಹೇಗ್‌ನಲ್ಲಿ ನೆಲೆಸಿದ್ದ ಪಿಯರ್ ಲಿಯೋನೆ 1760ರ ಹೊತ್ತಿಗೆ ಒಂದು ಮರಕೊರಕ ಹುಳುವನ್ನು ಸೀಳಿ ಅದರ ನಾಲ್ಕು ಸಾವಿರಕ್ಕೂ ಹೆಚ್ಚು ಸ್ನಾಯುಗಳನ್ನು ಎಣಿಸಿದ. ಸಹನೆಗೂ ಒಂದು ಮಿತಿ ಬೇಡವೇ! ಆದರೆ ಆ ಎಣಿಕೆಯ ನಡುವೆ ಎದೆಯ ಭಾಗದಲ್ಲಿ ಅವನು ಗುರುತಿಸಿದ ಒಂದು ಗ್ರಂಥಿ ಮುಂದೆ ದೊಡ್ಡ ಕಥೆಯಾಯಿತು. ಜಪಾನಿನ ತೋಯಾಮಾ ಕಮೆತಾರೊ 1902ರಲ್ಲಿ ಅದೇ ಗ್ರಂಥಿಯನ್ನು ರೇಷ್ಮೆಹುಳುವಿನಲ್ಲಿ ವಿವರಿಸಿದ. ಹುಳು ಪೊರೆ ಕಳಚುವಂತೆ ಮಾಡುವ ರಸ ಬರುವುದು ಅಲ್ಲಿಂದಲೇ ಎಂದು ಫುಕುದಾ 1940ರಲ್ಲಿ ತೋರಿಸಿಕೊಟ್ಟ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಸುಮಾರು 500 ಕಿಲೋ ರೇಷ್ಮೆಹುಳುವಿನ ಕೋಶಗಳನ್ನು (ಪ್ಯೂಪಗಳನ್ನು) ಅರೆದು ಸೋಸಿ 25 ಮಿಲಿಗ್ರಾಂ ಹಾರ್ಮೋನು ತೆಗೆದರು. ಅದಕ್ಕೆ ಎಕ್ಡೈಸೋನ್ ಎಂದು ಹೆಸರಾಯಿತು.

ಚಿಂತಾಮಣಿ, ಗೌರಿಬಿದನೂರು ಕಡೆಯ ಹುಳುಮನೆಗಳಲ್ಲಿ ಈ ಹಾರ್ಮೋನಿನ ಕೆಲಸವನ್ನು ಬರಿಗಣ್ಣಿನಿಂದಲೇ ಓದುತ್ತಾರೆ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತರೆ ‘ಜ್ವರಕ್ಕೆ ಕೂತಿದೆ’, ಅಂದರೆ ಪೊರೆ ಕಳಚಲಿದೆ. ಹುಟ್ಟಿದಾಗ ಸುಮಾರು 3 ಮಿಲಿಮೀಟರ್ ಉದ್ದವಿದ್ದ ಮರಿ ನಾಲ್ಕು ಜ್ವರ ದಾಟಿ ಐದನೇ ಹಂತ ಮುಗಿಸುವಷ್ಟರಲ್ಲಿ ತೂಕದಲ್ಲಿ ಸುಮಾರು 10,000 ಪಟ್ಟು ಬೆಳೆದಿರುತ್ತದೆ. ಕೊನೆಗೆ ಕರುಳು ಖಾಲಿ ಮಾಡಿಕೊಂಡು ಮೈ ಪಾರದರ್ಶಕವಾದಾಗ ಅದು ಹಣ್ಣುಹುಳು. ಆಗ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುತ್ತಾರೆ. ಎಲ್ಲ ಹುಳುಗಳೂ ಒಟ್ಟಿಗೆ ಹಣ್ಣಾಗಲಿ ಎಂದು ಎಕ್ಡೈಸೋನನ್ನು ಹೋಲುವ ಸಸ್ಯಮೂಲದ ಹಾರ್ಮೋನನ್ನು ಸೊಪ್ಪಿಗೆ ಸಿಂಪಡಿಸುವ ರೂಢಿಯೂ ಇದೆ.

ರೋಗಗಳು ಬಂದ ಮೇಲೆ ಅಂಗರಚನೆಯ ಅಧ್ಯಯನ ಇನ್ನೊಂದು ದಿಕ್ಕು ಹಿಡಿಯಿತು. ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರ ಕಾರಣವೆಂದು ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಸಾರಿದ. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿ ಮೂಲವೆಂದು ರುಜುವಾತಾದ ಮೊದಲ ಪ್ರಸಂಗಗಳಲ್ಲಿ ಇದೊಂದು. ಹಾಲುತೊಂಡೆ ಬಡಿದ ಹುಳುವಿನ ರಕ್ತದಲ್ಲಿ ಹರಳಿನಂಥ ಕಣಗಳನ್ನು ಮಾಯೆಸ್ಟ್ರಿ ಮತ್ತು ಕೊರ್ನಾಲಿಯ 1856ರಲ್ಲಿ ಕಂಡರು. ಗಂಟುರೋಗದ ಬೆನ್ನು ಹತ್ತಿದ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ದುಡಿದು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಆರಿಸುವ ಉಪಾಯ ಕೊಟ್ಟ.

ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ತರಿಸಿದ ಹುಳು ಮೈಸೂರು ಸೀಮೆಯಲ್ಲಿ ನೆಲೆಯೂರಿತ್ತಾದರೂ ಪಾಶ್ಚರನ ಪರೀಕ್ಷೆ ಇಲ್ಲಿ ಸರ್ಕಾರಿ ಕ್ರಮವಾದದ್ದು ಬಹಳ ತಡವಾಗಿ. ಮೈಸೂರು ಸಂಸ್ಥಾನ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿ 1913–14ರ ಸುಮಾರಿಗೆ ರೇಷ್ಮೆ ಇಲಾಖೆ ಕಟ್ಟಿದ ಮೇಲೆ ರೋಗರಹಿತ ಮೊಟ್ಟೆ ಹಂಚುವ ವ್ಯವಸ್ಥೆ ಬೇರುಬಿಟ್ಟಿತು. ಮಿಶ್ರತಳಿಗಳು ಬಂದಾಗ ಗಂಡು-ಹೆಣ್ಣು ಬೇರ್ಪಡಿಸುವ ಅಗತ್ಯವೂ ಬಿತ್ತು. ಬಿತ್ತನೆ ಕೋಠಿಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಕೋಶದ ಹಂತದಲ್ಲಿ ನಡೆಯುತ್ತದೆ. ಹುಳುವಿನಲ್ಲೇ ಗುರುತಿಸಬೇಕೆಂದರೆ ಐದನೇ ಹಂತದಲ್ಲಿ ಹೊಟ್ಟೆಯ ಕೊನೆಯ ಖಂಡಗಳ ಕೆಳಭಾಗ ನೋಡಬೇಕು: ಹೆಣ್ಣಿಗೆ ನಾಲ್ಕು ಹಾಲುಬಿಳಿ ಚುಕ್ಕೆ, ಗಂಡಿಗೆ ಒಂದೇ. ಹೆಣ್ಣಿನ ಚುಕ್ಕೆಗಳಿಗೆ ಜಪಾನಿನ ಇಶಿವಾತನ ಹೆಸರು, ಗಂಡಿನದಕ್ಕೆ ಜರ್ಮನಿಯ ಹೆರಾಲ್ಡನ ಹೆಸರು. ರೋಗಿಷ್ಠ ರೇಷ್ಮೆಹುಳುವಿನಿಂದ 1901ರಲ್ಲಿ ಇದೇ ಇಶಿವಾತ ಬೇರ್ಪಡಿಸಿದ ಬ್ಯಾಕ್ಟೀರಿಯ ಮುಂದೆ ಬಿಟಿ ಎಂಬ ಹೆಸರಿನಲ್ಲಿ ಹತ್ತಿಹೊಲ ತಲುಪಿತು.

ಕರ್ನಾಟಕದ ಸಾಕಣೆದಾರರು ಹುಳುವಿನ ಚರ್ಮವನ್ನು ಹೊಸದಾಗಿ ನೋಡಲು ಕಲಿತದ್ದು 1980ರಲ್ಲಿ. ಆ ವರ್ಷ ಊಜಿ ನೊಣ ಬಂಗಾಳದ ಕಡೆಯಿಂದ ರಾಜ್ಯಕ್ಕೆ ನುಗ್ಗಿತು. ನೊಣ ಹುಳುವಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಚರ್ಮ ಕೊರೆದು ಒಳಸೇರುತ್ತದೆ. ಆ ಜಾಗದಲ್ಲಿ ಕಾಣುವ ಕಪ್ಪು ಚುಕ್ಕೆ ಬರಿಯ ಗಾಯವಲ್ಲ. ಒಳಗಿನ ಮರಿ ಬಾಲದ ಕಡೆಯ ಉಸಿರುರಂಧ್ರಗಳನ್ನು ಆ ತೂತಿಗೇ ಒತ್ತಿಟ್ಟುಕೊಂಡು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಐದನೇ ಹಂತದ ಕೊನೆಯಲ್ಲಿ ತಗುಲಿದ ಹುಳು ಗೂಡು ಕಟ್ಟುವುದೇನೋ ನಿಜ, ಆದರೆ ಊಜಿ ಮರಿ ಗೂಡನ್ನೇ ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನ ನೂಲು ಬಿಚ್ಚಲಾಗದು. ಮಾರುಕಟ್ಟೆಯಲ್ಲಿ ಅದರ ಬೆಲೆ ಕುಸಿಯುತ್ತದೆ. ಕಿಟಕಿ-ಬಾಗಿಲಿಗೆ ಪರದೆ ಕಟ್ಟುವುದರ ಜೊತೆಗೆ ಊಜಿಯ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಹುಳುಮನೆಗಳಲ್ಲಿ ಬಿಡುವುದು ಈಗ ವಾಡಿಕೆ.

ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ ರೇಷ್ಮೆ ಶಿಕ್ಷಣದ ಕೇಂದ್ರವಾಗಿ ಬೆಳೆಯಿತು. ಜಪಾನಿನ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ ಸಿಎಸ್ಆರ್ ದ್ವಿತಳಿಗಳ ಬಿಳಿಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಳದಿ ಗೂಡಿನ ಜೊತೆಯಲ್ಲೇ ಬರುತ್ತದೆ. ರೇಷ್ಮೆಹುಳುವಿನ ಜೀನೋಮಿನ ಕರಡು ನಕ್ಷೆಯನ್ನು ಜಪಾನ್ ಮತ್ತು ಚೀನಾದ ತಂಡಗಳು 2004ರಲ್ಲಿ ಪ್ರಕಟಿಸಿದವು.